ಕೆಂಪು ಕಿವಿ, ದವಡೆ ಹಲ್ಲು

ಎಡಗಡೆಯ ಕೆಳದವಡೆಯ ಹಲ್ಲು ಒಡೆದದ್ದು ಕೋಡುಬಳೆ ತಿನ್ನುವಾಗ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಭದ್ರಾವತಿಯ ನಮ್ಮ ಮನೆಯ ಹಜಾರದಲ್ಲಿ ನಾನೂ ನನ್ನ ಗಂಡನೂ ಕೂತು ಡಬ್ಬಿ ಖಾಲಿ ಮಾಡುತ್ತಿದ್ದೆವು. ಕಟ್ಟೆಂದು ಶಬ್ದ ಬಂತು. ಕೋಡುಬಳೆಯದೇ ಇರಬೇಕು ಅಂದುಕೊಂಡು ಮತ್ತೆ ಅಗಿದೆ. ದವಡೆಯಿಂದ ನೆತ್ತಿಯವರೆಗೆ ಛಳಕು ಹೊಡೆಯಿತು.

"ಏನಾಯ್ತು?" ಅಂದರು ನನ್ನ ಗಂಡ.

"ಹಲ್ಲು," ಅಂದೆ.

ಅವರು ಕೈಯಲ್ಲಿದ್ದ ಕೋಡುಬಳೆಯನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. ಬೇರೆ ಮನೆಯಲ್ಲಾದರೆ ಇದು ಅಂಥ ಸುದ್ದಿಯಲ್ಲ. ನಮ್ಮ ಮನೆಯಲ್ಲಿ ಹಲ್ಲು ಅನ್ನುವುದು ಹಿತ್ತಲಲ್ಲಿ ಹಾವು ಅಂದಷ್ಟೇ ಗಾಬರಿಯ ಮಾತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮದುವೆಯಾದ ಹೊಸತರಲ್ಲಿ ಒಮ್ಮೆ ಹಲ್ಲುನೋವಿಗೆಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ನೋವು ಇಳಿಯಲೆಂದು ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಟ್ಟು, ಕುರ್ಚಿಯಲ್ಲಿ ಕೂರಿಸಿ ಹಿಂದಕ್ಕೆ ಬಾಗಿಸಿದರು. ಸ್ವಲ್ಪ ಹೊತ್ತಿಗೆ ಕಿವಿಗಳೆರಡೂ ಕೆಂಡದ ಹಾಗೆ ಬಿಸಿಯಾದವು. ಕುತ್ತಿಗೆ, ಎದೆ, ತೋಳಿನ ಮೇಲೆಲ್ಲ ಪಿತ್ತದ ಗಂಧೆ ಎದ್ದವು. ಹೊಟ್ಟೆ ಹಿಂಡಿತು, ಕಣ್ಣು ಕತ್ತಲೆಗಟ್ಟಿತು. ಎಚ್ಚರವಾದಾಗ ನನ್ನ ಕಾಲುಗಳನ್ನು ಸ್ಟೂಲಿನ ಮೇಲೆ ಎತ್ತಿಟ್ಟಿದ್ದರು. "ಸೂಜಿ ನೋಡಿ ಹೆದರಿಬಿಟ್ರು, ಅಷ್ಟೆ" ಅಂದರು ಡಾಕ್ಟರು. ಎಲ್ಲರೂ ಹಾಗೇ ಅಂದರು. ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ನನ್ನ ಕೆಲಸ. ಎರಕ ಹೊಯ್ದು ಬಂದ ಪಂಪಿನ ಭಾಗಗಳಲ್ಲಿ ಬಿರುಕಿದೆಯೇ, ಗಾಳಿಗುಳ್ಳೆ ಕೂತು ತೂತಾಗಿದೆಯೇ ಅಂತ ತಪಾಸಣೆ ಮಾಡುವುದು. "ಕಬ್ಬಿಣ ಕರಗಿಸೋ ಜಾಗದಲ್ಲಿ ದುಡೀತಾಳೆ, ಸೂಜಿ ಕಂಡ್ರೆ ಬೀಳ್ತಾಳೆ" ಅಂತ ಮದುವೆ ಮುಂಜಿಗಳಲ್ಲಿ ನನ್ನನ್ನು ನಾನೇ ಗೇಲಿ ಮಾಡಿಕೊಂಡು ನಗಿಸುತ್ತಿದ್ದೆ. ಆದರೆ ಆಮೇಲೆ ಹಲ್ಲಿನ ಡಾಕ್ಟರ ಬೋರ್ಡು ಕಂಡರೂ ಸಾಕು, ಆ ರಸ್ತೆ ಬಿಟ್ಟು ಇನ್ನೊಂದು ರಸ್ತೆ ಹಿಡಿಯುತ್ತಿದ್ದೆ.

ಎಷ್ಟೋ ವರ್ಷ ಕಳೆದ ಮೇಲೆ ಫೌಂಡ್ರಿಯ ಶೆಡ್ಡಿನಲ್ಲಿ ಒಂದು ಕಣಜ ಕಚ್ಚಿತು. ಒಂದೇ ಒಂದು. ನಾನು ನಿಂತಲ್ಲೇ ಕುಸಿದೆ. ಆಸ್ಪತ್ರೆಯಲ್ಲಿ ಬಿಪಿ ಸಿಗುತ್ತಲೇ ಇರಲಿಲ್ಲವಂತೆ. ಬದುಕಿ ಬಂದ ಮೇಲೆ, ಇದನ್ನು ಹೀಗೇ ಬಿಡಬಾರದು ಅಂತ ದೂರದ ಒಂದು ದೊಡ್ಡ ಆಸ್ಪತ್ರೆಯ ಅಲರ್ಜಿ ಡಾಕ್ಟರ ಹತ್ತಿರ ಕಳಿಸಿದರು. ಅವರು ನನ್ನ ತೋಳಿನ ಮೇಲಿದ್ದ ಕಂದು ಚುಕ್ಕೆಗಳನ್ನು ನೋಡಿದರು. ಉಷ್ಣಕ್ಕೆ ಬಂದ ಕಲೆ ಅಂತ ನಾವೆಲ್ಲ ತಿಳಿದಿದ್ದ ಚುಕ್ಕೆಗಳು. ಪೆನ್ನಿನ ಹಿಂದಿನ ತುದಿಯಿಂದ ಒಂದನ್ನು ಉಜ್ಜಿ ಸುಮ್ಮನೆ ಕಾದರು. ನಮ್ಮ ಕಣ್ಣೆದುರೇ ಅದು ಕೆಂಪಾಗಿ ಊದಿಕೊಂಡಿತು. ಆಮೇಲೆ ರಕ್ತಪರೀಕ್ಷೆ, ಇನ್ನೂ ಒಂದೆರಡು ಪರೀಕ್ಷೆ.

"ನಮ್ಮ ಮೈಯಲ್ಲಿ ಕಾವಲು ಕಾಯೋ ಜೀವಕೋಶ ಇರ್ತವೆ, ಮಾಸ್ಟ್ ಸೆಲ್ ಅಂತ," ಅಂದರು ಅವರು. "ನಿಮ್ಮಲ್ಲಿ ಅವು ಇರಬೇಕಾದ್ದಕ್ಕಿಂತ ಜಾಸ್ತಿ ಇವೆ. ಕೋಪಾನೂ ಜಾಸ್ತಿ. ಕಳ್ಳ ಬಂದ್ರೂ ಬೊಗಳ್ತವೆ, ಹಾಲಿನವನು ಬಂದ್ರೂ ಬೊಗಳ್ತವೆ. ಕಣಜ, ವಿಪರೀತ ಸೆಕೆ, ಕೆಲವು ನೋವಿನ ಔಷಧಿ, ಎಲ್ಲಕ್ಕೂ. ಭಯಕ್ಕೂ."

"ಹಾಗಾದ್ರೆ ಅವತ್ತು ಹಲ್ಲಿನ ಡಾಕ್ಟ್ರ ಹತ್ರ ಆಗಿದ್ದು?"

"ಅದು ಬರೀ ಹೆದರಿಕೆ ಆಗಿರಲಿಕ್ಕಿಲ್ಲಮ್ಮ. ಆ ನೋವಿನ ಇಂಜೆಕ್ಷನ್ನೇ ಇರಬೇಕು. ಹೆದರಿಕೆ ಅದರ ಜೊತೆ ಸೇರ್ಕೊಂಡಿದೆ."

ಅವರ ಮುಂದೆಯೇ ಅತ್ತೆ. ಕಾಯಿಲೆ ಇದೆ ಅಂದದ್ದಕ್ಕಲ್ಲ. ಇಷ್ಟು ವರ್ಷ ಹೇಡಿ ಅನ್ನಿಸಿಕೊಂಡಿದ್ದೆನಲ್ಲ, ಅದು ಸುಳ್ಳು ಅಂತ ಒಬ್ಬರಾದರೂ ಹೇಳಿದರಲ್ಲ ಅಂತ. ದಿನಾ ನುಂಗುವ ಮಾತ್ರೆ ಕೊಟ್ಟರು. ಆಪತ್ತಿಗೆಂದು ಚೀಲದಲ್ಲಿ ಸದಾ ಇಟ್ಟುಕೊಳ್ಳಲು ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟು, ತೊಡೆಗೆ ಚುಚ್ಚಿಕೊಳ್ಳುವುದನ್ನು ನಮ್ಮಿಬ್ಬರಿಗೂ ಕಲಿಸಿದರು. ಆದರೆ ಊರಿಗೆ ಬಂದ ಮೇಲೆ ಬೇರೊಂದು ಗೋಳು ಶುರುವಾಯಿತು. ಭಯಪಟ್ಟರೂ ಆಗಬಹುದು ಅಂತ ಅವರು ಅಂದಿದ್ದರಲ್ಲ? ಈಗ ನನಗೆ ಭಯದ್ದೇ ಭಯ. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡರೆ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಂಥ ಹೊತ್ತಿನಲ್ಲಿ ಒಡೆದದ್ದು ಆ ಹಲ್ಲು.

ನೋವಿಗೆ ಎಲ್ಲರೂ ನುಂಗುವ ಮಾತ್ರೆಗಳು ನನಗೆ ಆಗುವಂತಿರಲಿಲ್ಲ. ಜ್ವರದ ಮಾತ್ರೆಯೊಂದೇ ಗತಿ. ಅದು ಆ ನೋವಿಗೆ ಎಲ್ಲಿ ಸಾಕು? ಪಕ್ಕದ ಮನೆಯ ತಮಿಳು ಅಜ್ಜಿ ಪ್ರೀತಿಯಿಂದ ಲವಂಗದ ಎಣ್ಣೆ ತಂದು ಹತ್ತಿಯಲ್ಲಿ ಅದ್ದಿ ಇಟ್ಟರು. ತುಟಿ ಬಾತು ಗೋಣಿಚೀಲದ ಬಾಯಿಯಂತಾಯಿತು. ಅಜ್ಜಿ "ಅಯ್ಯೋ ಮುರುಗಾ" ಅಂತ ಹಣೆ ಚಚ್ಚಿಕೊಂಡರು, ನಾನೇ ಅವರಿಗೆ ಸಮಾಧಾನ ಹೇಳಬೇಕಾಯಿತು.

ಎರಡು ಕ್ಲಿನಿಕ್ಕುಗಳಿಗೆ ಹೋದೆವು. ನನ್ನ ಕಥೆ ಪೂರ್ತಿ ಕೇಳಿದ ಮೇಲೆ ಇಬ್ಬರೂ ಕೈಮುಗಿದರು. "ಬೆಂಗಳೂರಿಗೆ ಹೋಗಿ, ಇಲ್ಲಿ ರಿಸ್ಕ್ ತಗೊಳ್ಳೋಕಾಗಲ್ಲ." ಅವರನ್ನು ದೂರುವಂತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಆದರೆ ಪ್ರತಿ ಸಲವೂ ಮನೆಗೆ ಬರುವಾಗ ಹಲ್ಲು ಇನ್ನಷ್ಟು ನೋಯುತ್ತಿತ್ತು.

ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಅಕ್ಕ ಇದ್ದಾಳೆ. ಅವಳು ಹಠಮಾರಿ. ಅವರಿವರನ್ನು ಕೇಳಿ ಒಬ್ಬ ಹಲ್ಲಿನ ಡಾಕ್ಟರನ್ನು ಹುಡುಕಿದಳು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕ ಹೆಂಗಸು. ಆಕೆ ನನ್ನ ಕಥೆಯನ್ನು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, "ಈ ಕಾಯಿಲೆ ಇರೋರ ಬಗ್ಗೆ ನಾನು ಓದಿದ್ದೀನಿ, ನೋಡಿಲ್ಲ. ನೀವೇ ಮೊದಲು," ಅಂದರು.

ನಾನು ಚೀಲ ಎತ್ತಿಕೊಂಡೆ. ಇದು ಮೂರನೆಯ ಕೈಮುಗಿತ ಅಂದುಕೊಂಡೆ.

"ಎಲ್ಲಿಗೆ ಹೊರಟ್ರಿ? ನೋಡಿಲ್ಲ ಅಂದೆ, ನೋಡಲ್ಲ ಅನ್ನಲಿಲ್ಲ. ನಿಮ್ಮ ಅಲರ್ಜಿ ಡಾಕ್ಟ್ರ ಹತ್ರ ನಾನು ಮಾತಾಡ್ಬೇಕು. ಅಲ್ಲೀವರೆಗೆ ಬಾಯೊಳಗೆ ಕೈ ಹಾಕಲ್ಲ. ಇವತ್ತು ಸುಮ್ಮನೆ ಆ ಕುರ್ಚೀಲಿ ಕೂತು ಎದ್ದು ಹೋಗಿ."

"ಸುಮ್ಮನೆ?"

"ಸುಮ್ಮನೆ. ಬೇಕಾದ್ರೆ ಕಾಫಿ ತರಿಸ್ತೀನಿ."

ಕೂತೆ. ಕಿವಿ ಬೆಚ್ಚಗಾಯಿತು, ಅಷ್ಟರಲ್ಲೇ ಎದ್ದೆ. ಮತ್ತೊಂದು ದಿನ ಹೋಗಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂತೆ. ಬಾಯಿ ತೆರೆಸಿ ಕನ್ನಡಿ ಹಿಡಿದು ನೋಡಿದರು. ಹಲ್ಲು ಬೇರಿನವರೆಗೆ ಸೀಳಿತ್ತು, ಉಳಿಸುವಂತಿರಲಿಲ್ಲ. ಕೀಳಬೇಕು. ಆ ಹೊತ್ತಿಗೆ ಆಕೆ ಅಲರ್ಜಿ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಪರಿಚಯದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಜಾಗ ಕೇಳಿ, ಅಲ್ಲಿನ ಅರಿವಳಿಕೆ ಡಾಕ್ಟರನ್ನೂ ಒಪ್ಪಿಸಿದ್ದರು. ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಡ, ಭಯ ಇಳಿಯುವಷ್ಟು ಮಂಪರು ಕೊಟ್ಟು ಹಲ್ಲಿನ ಜಾಗ ಮಾತ್ರ ಮರಗಟ್ಟಿಸುವುದು ಅಂತ ತೀರ್ಮಾನವಾಯಿತು.

ಅರಿವಳಿಕೆ ಡಾಕ್ಟರು ಬಿಳಿ ಗಡ್ಡದ ಸಾಬರು. ನಿಧಾನದ ಮನುಷ್ಯ. ನನ್ನನ್ನು ಎದುರು ಕೂರಿಸಿಕೊಂಡು ಮೊದಲು ಕೇಳಿದ ಪ್ರಶ್ನೆ ಇದು: "ನಿಮಗೆ ಶುರುವಾಗೋದು ಎಲ್ಲಿಂದಮ್ಮ?"

"ಕಿವಿಯಿಂದ. ಮೊದಲು ಬಲಗಿವಿ ಬಿಸಿಯಾಗುತ್ತೆ."

"ಬಹಳ ಒಳ್ಳೇದಾಯ್ತು," ಅಂದರು. "ನನ್ನ ಮಶೀನಿಗಿಂತ ಮೊದಲೇ ನಿಮ್ಮ ಕಿವಿ ಹೇಳುತ್ತೆ ಅಂತಾಯ್ತು. ನಾನು ಕಿವಿ ನೋಡ್ತಾ ಇರ್ತೀನಿ."

ಮರಗಟ್ಟಿಸುವ ಔಷಧಿಯನ್ನು ಅಲ್ಲೇ ಚರ್ಮಕ್ಕೆ ಒಂದಿಷ್ಟೇ ಇಷ್ಟು ಚುಚ್ಚಿ, ಏನೂ ಆಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಹಿಂದಿನ ದಿನದಿಂದಲೇ ನುಂಗಬೇಕಾದ ಮಾತ್ರೆಗಳನ್ನು ಹೇಳಿದರು. ನೋಡಿ, ಇಷ್ಟೆಲ್ಲ ಆದ ಮೇಲೆ ಎಲ್ಲವೂ ಸಲೀಸಾಗಿ ನಡೆಯಬೇಕಿತ್ತು. ನಡೆಯಲಿಲ್ಲ.

ಗೊತ್ತು ಮಾಡಿದ ದಿನ ಬೇಸಿಗೆಯ ಉರಿ. ಮಧ್ಯಾಹ್ನದ ಹೊತ್ತು ಕೊಟ್ಟಿದ್ದರು. ಭದ್ರಾವತಿಯಿಂದ ಬಸ್ಸು ತುಂಬಿಕೊಂಡೇ ಬಂತು, ಶಂಕರಘಟ್ಟದ ಕಾಲೇಜು ಹುಡುಗರ ಬ್ಯಾಗುಗಳ ಮಧ್ಯೆ ಒತ್ತಿಕೊಂಡು ನಿಂತೇ ಬಂದೆ. ನನ್ನ ಗಂಡ ಪಕ್ಕದಲ್ಲಿ ನಿಂತು ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ಹೆದರ್ಬೇಡ." ಬಸ್ಸು ಬ್ರೇಕ್ ಹಾಕಿದರೆ "ಹೆದರ್ಬೇಡ." ಆಟೋ ಹತ್ತುವಾಗ "ಏನೂ ಆಗಲ್ಲ ಮಾರಾಯ್ತಿ, ಹೆದರ್ಬೇಡ." ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುವ ಹೊತ್ತಿಗೆ ಬಲಗಿವಿ ಉರಿಯುತ್ತಿತ್ತು. ಕಾಯುವ ಬೆಂಚಿನ ಮೇಲೆ ಕೂತ ಮೇಲೆ ಕುತ್ತಿಗೆಗೆ ಗಂಧೆ ಎದ್ದವು.

ಸಾಬರು ಬಂದು ನೋಡಿ ಔಷಧಿ ಕೊಟ್ಟರು. ಫ್ಯಾನಿನ ಕೆಳಗೆ ಮಲಗಿಸಿದರು. ಎಲ್ಲ ಇಳಿದ ಮೇಲೆ, "ಇವತ್ತು ಬೇಡ. ಹಲ್ಲೇನು ಓಡಿ ಹೋಗಲ್ಲ," ಅಂದರು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಲ್ಲು ಕೀಳುವುದು ಹಾಗಿರಲಿ, ಬೆಂಚಿನ ಮೇಲೆ ಕೂರುವುದೂ ನನ್ನಿಂದಾಗಲಿಲ್ಲವಲ್ಲ. ಗಂಡ ನನ್ನ ಭುಜದ ಮೇಲೆ ಕೈಯಿಟ್ಟು, "ಬಿಡು, ಮುಂದಿನ ಸಲ ಆಗುತ್ತೆ. ಹೆದರ್..." ಅಂದರು.

"ದಯವಿಟ್ಟು ಆ ಮಾತು ಹೇಳ್ಬೇಡಿ!" ನನ್ನ ದನಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಮೆಲ್ಲಗೆ ಹೇಳಿದೆ, "ನೀವು ಹೆದರ್ಬೇಡ ಅಂದಾಗಲೆಲ್ಲ, ಹೆದರೋ ಅಂಥದ್ದು ಏನೋ ಮುಂದಿದೆ ಅಂತ ನೆನಪಾಗುತ್ತೆ."

ಅವರ ಮುಖ ಸಣ್ಣದಾಯಿತು. ನನಗಿಂತ ಹೆಚ್ಚು ಹೆದರಿದ್ದು ಅವರೇ ಅಂತ ನನಗೆ ಆಗ ಕಂಡಿತು. ಕಣಜ ಕಚ್ಚಿದ ದಿನ ಫೌಂಡ್ರಿಯವರ ವ್ಯಾನಿನಿಂದ ನನ್ನನ್ನು ಎತ್ತಿಕೊಂಡು ಆಸ್ಪತ್ರೆಯೊಳಗೆ ಓಡಿದವರು ಅವರು. ನನಗೆ ಅದರಲ್ಲಿ ಏನೂ ನೆನಪಿಲ್ಲ. ಅವರಿಗೆ ಎಲ್ಲ ನೆನಪಿದೆ.

"ಮತ್ತೆ ಏನು ಹೇಳ್ಲಿ?" ಅಂತ ಕೇಳಿದರು.

"ಏನಾದ್ರೂ. ಹಲ್ಲಿನ ವಿಷಯ ಒಂದು ಬಿಟ್ಟು."

ನನ್ನ ಗಂಡನಿಗೆ ಭದ್ರಾವತಿ ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ತೋಟದ ಪಂಪುಗಳ ಸುಟ್ಟುಹೋದ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ಅವರ ಕಸುಬು. ಬಸ್ಸು ಮಾಚೇನಹಳ್ಳಿ ದಾಟುವಾಗ ಗಂಟಲು ಸರಿಮಾಡಿಕೊಂಡು, "ಆಯನೂರು ಕಡೆಯಿಂದ ಒಂದು ಮೋಟರ್ ಬಂದಿದೆ," ಅಂತ ಶುರು ಮಾಡಿದರು. ಹಿಂದೆ ಯಾರೋ ಅದಕ್ಕೆ ತೆಳ್ಳನೆಯ ತಂತಿ ಸುತ್ತಿದ್ದು, ಅದು ಕಾದು ಕರಕಲಾದದ್ದು, ಹಳೆಯ ಸುರುಳಿಯನ್ನು ಬಿಸಿ ಮಾಡಿ ಎಳೆದು ತೆಗೆಯುವುದು, ತಂತಿ ಕೂರುವ ಸೀಳುಗಳೊಳಗೆ ಕಾಗದ ಇಡುವುದು, ಎಷ್ಟು ಸುತ್ತು ಸುತ್ತಿದ ಮೇಲೆ ತಂತಿಯನ್ನು ಎಲ್ಲಿ ತಿರುಗಿಸುವುದು. ಇಪ್ಪತ್ತು ವರ್ಷದಿಂದ ಅವರ ಜೊತೆ ಇದ್ದೇನೆ, ಇಷ್ಟು ವಿವರವಾಗಿ ಅವರು ಎಂದೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅದು ರೋಚಕವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಭದ್ರಾವತಿ ಬಂದಾಗ ಅವರೇ ಎಬ್ಬಿಸಿದರು. ಅವರ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ.

ಮರುದಿನ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ಬೈಗುಳವನ್ನೋ ಸಮಾಧಾನವನ್ನೋ ನಿರೀಕ್ಷಿಸಿದ್ದೆ. ಅವರು ಹೇಳಿದ್ದೇ ಬೇರೆ. "ನಿನ್ನೆ ಆಗಿದ್ದು ಒಳ್ಳೇದೇ ಆಯ್ತು. ಸೆಕೆ, ನಿಂತ್ಕೊಂಡು ಬಂದಿದ್ದು, ಕಾಯಿಸಿದ್ದು, ಮೂರೂ ನಮ್ಮ ತಪ್ಪು. ಈ ಸಲ ಬೆಳಿಗ್ಗೆ ಮೊದಲನೇದು ನಿಮ್ಮದೇ. ಕಾಯೋದೇ ಇಲ್ಲ. ಹಿಂದಿನ ದಿನವೇ ಬಂದು ಅಕ್ಕನ ಮನೇಲಿ ಇರಿ. ಮತ್ತೆ ಇನ್ನೇನಾದ್ರೂ ಬೇಕಾ, ಹೇಳಿ."

ಸಂಕೋಚ ಬಿಟ್ಟು ಹೇಳಿದೆ. "ನನ್ನ ಗಂಡ ಒಳಗೆ ಪಕ್ಕದಲ್ಲಿ ಕೂತು ಮೋಟರ್ ಬಗ್ಗೆ ಮಾತಾಡಬಹುದಾ?"

"ಯಾವ ಮೋಟರ್?"

ಹೇಳಿದೆ. ಜೋರಾಗಿ ನಕ್ಕರು. "ಆಗಲಿ. ಮಾಸ್ಕ್ ಹಾಕ್ಕೊಂಡು ಮಾತಾಡ್ಲಿ."

ಅಕ್ಕನ ಮನೆಯಲ್ಲಿ ಸಂಜೆ ಮಾತ್ರೆ ನುಂಗಿ ಬೇಗ ಮಲಗಿದೆ. ಬೆಳಿಗ್ಗೆ ತಂಪಿನಲ್ಲೇ ಅಕ್ಕ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ನನ್ನ ಗಂಡ ಹಿಂದೆ ಆಟೋದಲ್ಲಿ ಬಂದರು. ನೇರ ಒಳಗೆ. ರಬ್ಬರು ಗ್ಲೌಸು ನನಗೆ ಆಗದೆಂದು ಬೇರೆ ಬಗೆಯದು ತರಿಸಿದ್ದರು, ಬಾಯಿ ಮುಕ್ಕಳಿಸಲು ಬರೀ ಉಪ್ಪುನೀರು ಇಟ್ಟಿದ್ದರು. ಯಾರೂ ಹೆಚ್ಚು ಮಾತಾಡಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಸಾಬರು ಕೈಯ ನರಕ್ಕೆ ಸೂಜಿ ಹಾಕಿ, ಸ್ಟೂಲ್ ಎಳೆದುಕೊಂಡು ನನ್ನ ಬಲಗಿವಿ ಕಾಣುವ ಹಾಗೆ ಕೂತರು. ನನ್ನ ಗಂಡ ಎಡಗಡೆಗೆ, ಮಾಸ್ಕು, ತಲೆಗೆ ಹಸಿರು ಟೋಪಿ. ಅವರ ಕಣ್ಣಷ್ಟೇ ಕಾಣುತ್ತಿತ್ತು.

"ಶುರು ಮಾಡ್ಲಾ?" ಅಂದರು ಅವರು.

"ನಾವು ಶುರು ಮಾಡ್ಬೇಕಾದ್ದು, ನೀವಲ್ಲ," ಅಂದರು ಹಲ್ಲಿನ ಡಾಕ್ಟರು. ಸಾಬರು ನಕ್ಕರು. ನಾನೂ ನಕ್ಕೆ. ಅಂಥ ಕುರ್ಚಿಯಲ್ಲಿ ನನಗೆ ನಗು ಬಂದದ್ದು ಅದೇ ಮೊದಲು.

ಮಂಪರಿನ ಔಷಧಿ ಒಳಗೆ ಹೋಯಿತು. ತೇಲಿದ ಹಾಗಾಗುತ್ತದೆ ಅಂತ ಅಕ್ಕ ಹೆದರಿಸಿದ್ದಳು. ಹಾಗೇನೂ ಆಗಲಿಲ್ಲ. ಹಳೆಯ ಮೆತ್ತನೆಯ ಹತ್ತಿ ಸೀರೆಯೊಂದನ್ನು ಯಾರೋ ಕಾಲಿನಿಂದ ಕತ್ತಿನವರೆಗೆ ಹೊದಿಸುತ್ತ ಬಂದ ಹಾಗಿತ್ತು. "ಮೊದಲು ಮೋಟರಿನ ಮುಚ್ಚಳ ಬಿಚ್ಚಬೇಕು," ಅನ್ನುವುದು ಕೇಳಿಸಿತು. ಮುಚ್ಚಳದ ನಟ್ಟುಗಳು ತುಕ್ಕು ಹಿಡಿದಿದ್ದವು ಅನ್ನುವವರೆಗೆ ನೆನಪಿದೆ.

ಮುಂದಿನದೆಲ್ಲ ನನ್ನ ಗಂಡ ಆಮೇಲೆ ಹೇಳಿದ್ದು. ನಾನು ಎಚ್ಚರವಾಗಿಯೇ ಇದ್ದೆನಂತೆ, ಬಾಯಿ ತೆಗೆ ಅಂದರೆ ತೆಗೆಯುತ್ತಿದ್ದೆನಂತೆ. ಹಲ್ಲು ಅಲುಗಾಡತೊಡಗಿದಾಗ ಸಾಬರು ಕೈಯೆತ್ತಿ, "ಒಂದು ನಿಮಿಷ," ಅಂದರಂತೆ. ಬಲಗಿವಿಯ ತುದಿ ಕೆಂಪಾಗುತ್ತಿತ್ತು. ಹಲ್ಲಿನ ಡಾಕ್ಟರು ಇಕ್ಕಳ ಹೊರಗೆ ತೆಗೆದು ಕೈಕಟ್ಟಿ ನಿಂತರು. ನನ್ನ ಗಂಡನಿಗೆ ಮಾತು ನಿಂತುಹೋಯಿತು. ಸಾಬರು ನರಕ್ಕೆ ಇನ್ನೊಂದು ಔಷಧಿ ಬಿಟ್ಟು, ಮಶೀನಿನಲ್ಲಿ ಬಿಪಿ ನೋಡುತ್ತ, ತಲೆ ಎತ್ತದೆಯೇ, "ನೀವು ಯಾಕೆ ನಿಲ್ಲಿಸಿದ್ರಿ? ತಂತಿ ಎಷ್ಟು ದಪ್ಪದ್ದು ಹಾಕಿದ್ರಿ, ಹೇಳಿ," ಅಂದರಂತೆ. ನನ್ನ ಗಂಡ ತಂತಿಯ ದಪ್ಪ ಹೇಳಿದರು. ನಾನು ಕಣ್ಣು ಮುಚ್ಚಿಕೊಂಡು ಹೂಂಗುಟ್ಟಿದೆ. ಕಿವಿಯ ಕೆಂಪು ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಗಂಧೆ ಏಳಲಿಲ್ಲ. ಸಾಬರು ತಲೆ ಆಡಿಸಿದರು. ಹಲ್ಲು ಹೊರಗೆ ಬಂತು.

ಹಲ್ಲನ್ನು ನನಗೆ ತೋರಿಸಿದರಂತೆ. ನಾನು ಅದನ್ನು ತುಂಬ ಹೊತ್ತು ದಿಟ್ಟಿಸಿ, ಬಾಯಿ ತುಂಬ ಹತ್ತಿ ಇದ್ದರೂ ಗಂಭೀರವಾಗಿ ತೀರ್ಪು ಕೊಟ್ಟೆನಂತೆ: "ಒಳಗೆ ಗಾಳಿಗುಳ್ಳೆ ಇದೆ. ರಿಜೆಕ್ಟ್."

ಮಂಚದ ಮೇಲೆ ಪೂರ್ತಿ ಎಚ್ಚರವಾದಾಗ ಕಿಟಕಿಯ ಹೊರಗೆ ಒಳ್ಳೆಯ ಬಿಸಿಲು. ಮೊದಲು ಕಿವಿ ಮುಟ್ಟಿಕೊಂಡೆ, ತಣ್ಣಗಿತ್ತು. ಆಮೇಲೆ ನಾಲಿಗೆಯಿಂದ ದವಡೆ ಮುಟ್ಟಿದೆ, ಹತ್ತಿ ಸಿಕ್ಕಿತು. "ಆಯ್ತಾ?" ಅಂದೆ. ನನ್ನ ಗಂಡ ನನ್ನ ಪಾದದ ಮೇಲೆ ಹಣೆಯಿಟ್ಟರು. ಎಲ್ಲಿ ಯಾರು ನೋಡುತ್ತಾರೋ ಅಂತ ಕಾಲೆಳೆದುಕೊಂಡೆ. ಅಕ್ಕ ಬಾಗಿಲಲ್ಲಿ ನಿಂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಬೇಕೆಂದೇ ಆಚೆ ನೋಡುತ್ತಿದ್ದಳು.

ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡು, ಏನೂ ತೊಂದರೆ ಇಲ್ಲ ಅಂತ ನೋಡಿ ಕಳಿಸಿದರು. ಗಾಯ ಮಾಯುವಾಗ ನೋಯಿತು. ಜ್ವರದ ಮಾತ್ರೆ, ಐಸು, ತಣ್ಣನೆಯ ರಾಗಿ ಗಂಜಿ ಇವುಗಳಲ್ಲೇ ಕಳೆಯಿತು. ಪಕ್ಕದ ಮನೆಯ ಅಜ್ಜಿ ದಿನಾ ಬಂದು ನೋಡಿಕೊಂಡು ಹೋದರು. ಬರಿಗೈಯಲ್ಲಿ ಬಂದಿದ್ದೇನೆ ಅಂತ ಮೊದಲೇ ಎರಡೂ ಕೈ ತೋರಿಸುತ್ತಿದ್ದರು.

ಕಾಯಿಲೆ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಈಗಲೂ ಮಾತ್ರೆ ನುಂಗುತ್ತೇನೆ, ಚೀಲದಲ್ಲಿ ಇಂಜೆಕ್ಷನ್ ಇರುತ್ತದೆ, ಫೌಂಡ್ರಿಯಲ್ಲಿ ಕುಲುಮೆಯ ಕಡೆ ಹೋಗುವುದಿಲ್ಲ. ಆದರೆ ನನ್ನ ಮೈಯನ್ನು ನಾನು ಶತ್ರುವಿನ ಹಾಗೆ ನೋಡುವುದು ಕಡಿಮೆಯಾಗಿದೆ. ಅದು ಮುಂಚೆಯೇ ಹೇಳುತ್ತದೆ, ಕೇಳುವವರು ಬೇಕು ಅಷ್ಟೆ. ಅಷ್ಟು ಜನ ಸೇರಿ ನನ್ನ ಒಂದು ಕಿವಿಯನ್ನು ನಂಬಿದರಲ್ಲ, ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಬಲಗಡೆ ಮೇಲಿನ ಒಂದು ಹಲ್ಲು ಹುಳುಕಾಗಿತ್ತು. ಮಳೆಗಾಲ ಕಳೆದ ಮೇಲೆ ಅದನ್ನು ತುಂಬಿಸಿಕೊಳ್ಳಲು ಹೋದೆ. ಈ ಸಲ ಡಾಕ್ಟರು, "ಮಂಪರು ಬೇಕಾ, ಬೇಡ್ವಾ? ನೀವೇ ಹೇಳಿ," ಅಂದರು. ಒಂದು ದಿನ ಯೋಚಿಸಿ, ಬೇಡ ಅಂದೆ. ಹಿಂದಿನ ದಿನದ ಮಾತ್ರೆ, ಬೆಳಗಿನ ತಂಪು, ಮರಗಟ್ಟಿಸುವ ಸೂಜಿ, ಇಷ್ಟೇ. ಸಾಬರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿದ್ದರು, ಕರೆಯುವ ಅಗತ್ಯ ಬರಲಿಲ್ಲ. ಗಂಡನಿಗೆ ಅಂಗಡಿಯಲ್ಲಿ ಕೆಲಸವಿತ್ತು, ಬರುತ್ತೇನೆ ಅಂದವರನ್ನು ನಾನೇ ತಡೆದಿದ್ದೆ. ಅಕ್ಕ ಜೊತೆಗಿದ್ದಳು. ಮಧ್ಯಾಹ್ನದವರೆಗೆ ನರ್ಸಿಂಗ್ ಹೋಮಿನಲ್ಲೇ ಇದ್ದು, ಅಕ್ಕನಿಗೆ ಟಾಟಾ ಮಾಡಿ ಒಬ್ಬಳೇ ಬಸ್ಸು ಹತ್ತಿದೆ.

ತುಟಿ, ಕೆನ್ನೆ ಇನ್ನೂ ಮರಗಟ್ಟಿಯೇ ಇದ್ದವು. ಕಂಡಕ್ಟರು ಬಂದು, "ಎಲ್ಲಿಗಮ್ಮ?" ಅಂದರು.

"ಬದ್ದಾವದಿ," ಅಂದೆ.

"ಎಲ್ಲಿಗೆ?"

"ಬಯ್ಯಾವದಿ!"

ಅವರು ಬಗ್ಗಿ ನನ್ನ ಮುಖ ನೋಡಿದರು. ಅರ್ಧ ಬಾಯಿ ಒಂದು ಕಡೆ ಜೋತುಬಿದ್ದಿತ್ತು. ಕೆನ್ನೆಗೆ ಬೆರಳಿಟ್ಟು ಹಲ್ಲು ಅಂತ ತೋರಿಸಿದೆ. "ಓ, ಭದ್ರಾವತಿ!" ಅಂತ ನಕ್ಕು ಟಿಕೆಟ್ ಹರಿದು ಕೊಟ್ಟರು. ನನಗೂ ನಗು ತಡೆಯಲಾಗಲಿಲ್ಲ. ನಕ್ಕರೆ ಮುಖದ ಅರ್ಧ ಭಾಗವಷ್ಟೇ ನಗುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸಿನ ಮಡಿಲ ಮಗು ಅದನ್ನೇ ಬೆರಗಿನಿಂದ ನೋಡುತ್ತಿತ್ತು. ಅದಕ್ಕೆ ಇಷ್ಟವಾಯಿತೆಂದು ಕಾಣುತ್ತದೆ, ತಾನೂ ಬಾಯಿ ಸೊಟ್ಟ ಮಾಡಿ ನಕ್ಕಿತು.